ಬೇಸಿಗೆಯ ನಕ್ಷೆ

ಅವರು ತೀರಿಕೊಂಡು ಈ ಶ್ರಾವಣಕ್ಕೆ ಒಂದು ವರ್ಷವಾಯಿತು. ಅವರ ಬಗ್ಗೆ ಬರೆಯಬೇಕೆಂದು ಆಗಿನಿಂದಲೂ ಅಂದುಕೊಂಡಿದ್ದೇನೆ. ಹೆಸರು ಹಾಕುವುದಿಲ್ಲ. ಅವರ ಮಗಳನ್ನು ಕೇಳಿದಾಗ, "ಬರೀರಿ ಸ್ವಾಮಿ, ಆದ್ರೆ ಹೆಸರು ಬೇಡ. ಯಾರಾದ್ರೂ ಜೋರಾಗಿ ಹೆಸರು ಹಿಡಿದು ಕರೆದ್ರೇ ಅಪ್ಪನಿಗೆ ನಾಚಿಕೆ ಆಗ್ತಿತ್ತು" ಎಂದಳು. ಶಿವಮೊಗ್ಗದಲ್ಲಿ ಅರಣ್ಯ ಇಲಾಖೆಯ ನಮ್ಮ ಸಣ್ಣ ಕಚೇರಿಗೆ ಆ ಕಾಲದಲ್ಲಿ ಬಂದುಹೋದವರಿಗೆ ಗಾರ್ಡಪ್ಪ ಎಂದರೆ ಸಾಕು. ಗಾರ್ಡುಗಳು ಇನ್ನೂ ಹತ್ತು ಮಂದಿ ಇದ್ದರು. ಗಾರ್ಡಪ್ಪ ಎನಿಸಿಕೊಂಡಿದ್ದವರು ಅವರೊಬ್ಬರೇ.

ನಾನು ನಕ್ಷೆ ಬರೆಯುವ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತಾರು ವರ್ಷ, ಅವರಿಗೆ ನಲವತ್ತು ದಾಟಿತ್ತು. ಮೊದಲ ದಿನ ನೋಡಿದಾಗ ಅವರು ಕಚೇರಿಯ ಜಗಲಿಯ ಮೇಲೆ ಕಾಲು ಮಡಿಸಿ ಕೂತು, ತೊಡೆಯ ಮೇಲೆ ಹಳೆ ಬಟ್ಟೆ ಹಾಸಿಕೊಂಡು, ಒಂದು ಸುತ್ತಿಗೆಗೆ ಎಣ್ಣೆ ಹಚ್ಚುತ್ತಿದ್ದರು. ನನಗೆ ಅದು ಬಡಗಿಯ ಸುತ್ತಿಗೆಯಂತೆ ಕಂಡಿತು. ಅದು ಮುದ್ರೆ ಸುತ್ತಿಗೆ. ಅದರ ತಲೆಯ ಮೇಲೆ ಇಲಾಖೆಯ ಅಕ್ಷರ ಉಬ್ಬಾಗಿ ಕೊರೆದಿರುತ್ತದೆ. ಕಡಿಯಬೇಕಾದ ಮರದ ತೊಗಟೆಯನ್ನು ಎದೆಮಟ್ಟದಲ್ಲಿ ಒಂದು ಕಡೆ, ಬುಡದಲ್ಲಿ ಒಂದು ಕಡೆ ಅಂಗೈಯಗಲ ಕೆತ್ತಿ ಸುತ್ತಿಗೆಯಿಂದ ಹೊಡೆದರೆ ಆ ಅಕ್ಷರ ಮೂಡುತ್ತದೆ. ಮುದ್ರೆ ಬೀಳದ ಮರಕ್ಕೆ ಕೊಡಲಿ ಹಾಕುವಂತಿಲ್ಲ. ಎದೆಮಟ್ಟದ ಮುದ್ರೆ ದಿಮ್ಮಿಯ ಜೊತೆ ಊರಿಗೆ ಹೋಗುತ್ತದೆ. ಬುಡದ್ದು ಮೋಟಿನಲ್ಲಿ ಉಳಿಯುತ್ತದೆ. "ಮರ ಹೋದ ಮೇಲೆ ಯಾರಾದ್ರೂ ಬಂದು ಕೇಳಿದ್ರೆ ಮೋಟು ಜವಾಬು ಕೊಡಬೇಕು ಸ್ವಾಮಿ" ಎಂದು ಅವರು ಅಂದು ನನಗೆ ವಿವರಿಸಿದರು.

ಆ ಸುತ್ತಿಗೆಯನ್ನು ಅವರು ಬಟ್ಟೆಯ ಚೀಲದಲ್ಲಿ ಹಾಕಿ ಹೆಗಲಿಗೆ ತಗುಲಿಸಿಕೊಂಡೇ ಇರುತ್ತಿದ್ದರು, ಸಂತೆಗೆ ಹೋದರೂ, ಮದುವೆಗೆ ಹೋದರೂ. ಅವರ ಹೆಂಡತಿ ಒಮ್ಮೆ ನನಗೆ ಮಜ್ಜಿಗೆ ಕೊಡುತ್ತ, "ನನ್ನ ತಲೆಗಿಂತ ಅದಕ್ಕೇ ಎಣ್ಣೆ ಜಾಸ್ತಿ ಖರ್ಚಾಗ್ತದೆ. ಹಿರೇ ಹೆಂಡ್ತಿ ನೋಡಿ ಅವಳು" ಎಂದಿದ್ದರು. ಇವರು ಗೋಡೆಯ ಕಡೆ ತಿರುಗಿ ನಕ್ಕರು. ನಗುವಾಗ ಮುಖ ತಿರುಗಿಸುವುದು ಅವರ ಅಭ್ಯಾಸ.

ಇನ್ನೊಂದು ಅಭ್ಯಾಸವಿತ್ತು. ಮುದ್ರೆ ಹೊಡೆಯುವ ಮೊದಲು ಮರದ ಮೇಲೆ ಅಂಗೈ ಊರಿ ಕತ್ತೆತ್ತಿ ತುದಿಯವರೆಗೆ ನೋಡುತ್ತಿದ್ದರು. ಹೊಸಬನಾದ ನನಗೆ ಅದು ಪ್ರಾರ್ಥನೆಯೇನೋ ಅನ್ನಿಸಿತ್ತು. ಕೇಳಿಯೂಬಿಟ್ಟೆ.

"ಪ್ರಾರ್ಥನೆ ಎಂಥದು ಮಾರಾಯ್ರೆ! ಮೇಲೆ ಹೆಜ್ಜೇನು ಇದ್ರೆ ಮೊದಲ ಏಟಿಗೇ ನೀವೂ ನಾನೂ ಹೊಳೆಗೆ ಹಾರಬೇಕು" ಎಂದರು. ಮತ್ತೊಮ್ಮೆ ಮೇಲೆ ನೋಡಿ, "ಗೂಡು ಇದ್ರೂ ಗೊತ್ತಾಗ್ಬೇಕಲ್ಲ" ಎಂದು ಸೇರಿಸಿದರು.

ಊರಿನ ಮರದ ಅಡ್ಡೆಯಲ್ಲಿ ಸಾಹುಕಾರರೊಬ್ಬರು ಇವರನ್ನು ಕಂಡರೆ ಬೇಕೆಂದೇ ಕೆಣಕುತ್ತಿದ್ದರು. "ಏನ್ ಗಾರ್ಡ್ ಸಾಬ್, ನಮ್ಮ ಮಾಲಿನ ಮೇಲೆ ಬಿಲ್ಕುಲ್ ನಂಬಿಕೆ ಇಲ್ಲ ನಿಮಗೆ?" ಇವರು ದಿಮ್ಮಿಯ ಕೊನೆಗೆ ಮೂಗು ಹತ್ತಿಸಿ ಮೂಸಿ, ಇದು ಹೊಳೆಬದಿಯದು, ಇದು ಗುಡ್ಡದ್ದು ಎಂದು ಹೇಳುತ್ತಿದ್ದರು. "ನಂಬಿಕೆ ಇದೆ ಸಾಬರೇ. ಮೂಗಿನ ಮೇಲೆ ಇದೆ" ಎಂದು ಉತ್ತರ. ಅಡ್ಡೆಯ ಆಳುಗಳೆಲ್ಲ ನಗುತ್ತಿದ್ದರು, ಸಾಹುಕಾರರೂ ಸಹ.

ಇಂಥ ಸಣ್ಣ ಸಂಗತಿಗಳು ಎಷ್ಟಾದರೂ ನೆನಪಿಗೆ ಬರುತ್ತವೆ. ಬರೆಯಲೇಬೇಕಾದದ್ದು ಒಂದಿದೆ. ಅದಕ್ಕೆ ಬರುವ ಮೊದಲು ಸ್ವಲ್ಪ ಸುತ್ತಾಡಿದೆ, ಅಷ್ಟೆ.

ಊರಿನಿಂದ ತುಂಗೆಯ ಗುಂಟ ಮೇಲಕ್ಕೆ, ಸಕ್ರೆಬೈಲಿನ ದಾರಿಯಲ್ಲಿ ಹೋದರೆ, ಹೊಳೆ ಎರಡಾಗಿ ಸೀಳಿ ಮತ್ತೆ ಒಂದಾಗುವ ಒಂದು ಜಾಗವಿದೆ. ನಡುವೆ ಉಳಿಯುವ ನೆಲಕ್ಕೆ ಅಲ್ಲಿಯ ಜನ ಗಡ್ಡೆ ಎನ್ನುತ್ತಾರೆ. ಮೇಲೆಲ್ಲ ಹೊಳೆಮತ್ತಿ, ಹೊಂಗೆ, ನೇರಳೆ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮೂರು ವರ್ಷ ಮೊದಲು, ಊರಿನ ಕೆಲವು ಅಧಿಕಾರಿಗಳೂ ಶ್ರೀಮಂತರೂ ಸೇರಿ ಒಂದು ಕ್ಲಬ್ಬು ಮಾಡಿಕೊಂಡರು. ಗಡ್ಡೆಯ ಮೇಲೆ ಒಂದು ಮಂಟಪ, ದೋಣಿ ಕಟ್ಟುವ ಕಟ್ಟೆ, ಟೆನಿಸ್ ಆಡುವ ಅಂಕಣ ಮಾಡಬೇಕೆಂದು ಅವರ ಯೋಜನೆ. ಭಾನುವಾರ ಸಂಸಾರ ಸಮೇತ ಹೋಗಿ ಹೊಳೆಯ ಗಾಳಿಯಲ್ಲಿ ಕೂತು ಬರಬಹುದು. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಅಂಥವೆಲ್ಲ ಇವೆ, ನಮ್ಮ ಊರಿಗೇಕೆ ಬೇಡ ಎಂದು ಕೇಳಿದರು. ನನಗೂ ಅದು ನ್ಯಾಯವಾಗಿಯೇ ಕಂಡಿತು. ಗಡ್ಡೆಯ ನಕ್ಷೆ ಬರೆಯಲು ನನಗೆ ಅಪ್ಪಣೆಯಾಯಿತು. ಆ ಭಾಗದ ಗಾರ್ಡು ಅವರೇ ಆದ್ದರಿಂದ ಜೊತೆಗೆ ಬಂದರು.

ಅದು ಚೈತ್ರಮಾಸ. ಹೊಳೆ ಮೊಣಕಾಲುದ್ದ ಇತ್ತು, ನಡೆದೇ ದಾಟಿದೆವು. ಎರಡು ದಿನ ಸರಪಳಿ ಹಿಡಿದು ಅಳೆದೆವು. ಅವರು ಒಂದು ತುದಿ, ನಾನು ಒಂದು ತುದಿ. ಗಡ್ಡೆಯ ಮೇಲೆ ನಲವತ್ತೈದು ದೊಡ್ಡ ಮರಗಳಿದ್ದವು. ಒಂದೊಂದನ್ನೂ ನಕ್ಷೆಯಲ್ಲಿ ಚುಕ್ಕೆಯಾಗಿ ಇಟ್ಟೆ. ಎಲ್ಲೂ ಒಂದು ಹಕ್ಕಿ ಇರಲಿಲ್ಲ. ನೆಲದ ಮೇಲೆ ಒಣಗಿದ ಕಡ್ಡಿಗಳು ರಾಶಿ ಬಿದ್ದಿದ್ದವು, ಕೆಲವು ಎಲೆಗಳ ಮೇಲೆ ಸುಣ್ಣ ಎರಚಿದಂಥ ಕಲೆಗಳಿದ್ದವು. ಇದನ್ನು ನಾನು ನೋಡಿದ್ದೆ.

ಎರಡನೆಯ ದಿನ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅವರು ಕೇಳಿದರು: "ನಕ್ಷೇಲಿ ಹಕ್ಕಿ ಎಲ್ಲಿ ಬರೀತೀರಿ ಸ್ವಾಮಿ?"

"ಯಾವ ಹಕ್ಕಿ?"

"ಆಷಾಢದಲ್ಲಿ ಹೊಳೆ ತುಂಬಿದ ಮೇಲೆ ಬರ್ತಾವೆ. ಬೆಳ್ಳಕ್ಕಿ, ನೀರುಕಾಗೆ. ಸುತ್ತ ನೀರು ಇರೋದ್ರಿಂದ ಯಾವನೂ ಹತ್ತಿರ ಬರಲ್ಲ ಅಂತ ಅವಕ್ಕೆ ಗೊತ್ತು. ಆಗ ಮರಾನೇ ಕಾಣಲ್ಲ ಮಾರಾಯ್ರೆ. ಹಕ್ಕೀನೇ ಮರ."

"ಈಗ ಇಲ್ಲವಲ್ಲ."

"ಈಗ ಯಾಕೆ ಇರ್ತಾವೆ? ಮರಿ ಮಾಡ್ಕೊಂಡು ದೀಪಾವಳಿ ಮುಗಿಸ್ಕೊಂಡು ಹೋದ್ವು. ನಮ್ಮನೇಲಿ ಅವಳು ಬೇಸಿಗೇಲಿ ಬಂದು ಈ ಮರದ ಬುಡದ ಮಣ್ಣು ಹೊತ್ಕೊಂಡು ಹೋಗಿ ಬದನೆ ಗಿಡಕ್ಕೆ ಹಾಕ್ತಾಳೆ. ಬೇಕಾದ್ರೆ ಅವಳನ್ನೇ ಕೇಳಿ, ಯಾವ ಮರದಲ್ಲಿ ಎಷ್ಟು ಗೂಡು ಅಂತ ಹಿಕ್ಕೆ ನೋಡೇ ಹೇಳ್ತಾಳೆ."

ನಾನು ನಕ್ಷೆಯ ನಿಯಮ ಹೇಳಿದೆ. ಅಳೆಯುವ ದಿನ ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಬೇಕು. ಯಾರೋ ಹೇಳಿದ್ದನ್ನು, ಮುಂದೆ ಬರಬಹುದಾದದ್ದನ್ನು ಬರೆಯುವಂತಿಲ್ಲ. ಹಾಗಾದರೆ ಮಳೆಗಾಲದಲ್ಲಿ ಬಂದು ಅಳೆಯಿರಿ ಎಂದರು. ಮಳೆಗಾಲದಲ್ಲಿ ಸರಪಳಿ ಹಿಡಿದು ಯಾರು ಹೊಳೆ ದಾಟುತ್ತಾರೆ? ನಮ್ಮ ಕೆಲಸದ ಕ್ರಮವೇ ಹಾಗೆ. ಬೇಸಿಗೆಯಲ್ಲಿ ಹೋಗಿ ಅಳೆದು ಬರುತ್ತೇವೆ, ಮಳೆಗಾಲವೆಲ್ಲ ಕಚೇರಿಯಲ್ಲಿ ಕೂತು ಪೆನ್ಸಿಲ್ಲಿನ ಗೆರೆಗಳಿಗೆ ಮಸಿ ಹಾಕುತ್ತೇವೆ. ನಾನು ಬರೆದ ನಕ್ಷೆಗಳೆಲ್ಲ ಬೇಸಿಗೆಯವು. ಅವುಗಳಲ್ಲಿ ಹಳ್ಳಗಳೆಲ್ಲ ಒಣಗಿವೆ. ಆಗ ಇದು ನನ್ನ ತಲೆಗೆ ಹೊಳೆಯಲಿಲ್ಲ.

ನಕ್ಷೆಯ ಕೆಳಗೆ 'ವಿಶೇಷ' ಎಂಬ ಒಂದು ಅಂಕಣವಿರುತ್ತದೆ. ದೇವಸ್ಥಾನ, ಬಾವಿ, ಸಮಾಧಿ ಮುಂತಾದವು ಇದ್ದರೆ ಅಲ್ಲಿ ನಮೂದಿಸಬೇಕು. ನಾನು 'ವಿಶೇಷವೇನೂ ಇಲ್ಲ' ಎಂದು ಬರೆದೆ. ದುಂಡಾದ ಅಕ್ಷರಗಳಲ್ಲಿ ಬರೆದೆ.

ಅವರು ತಾವೇ ಕಚೇರಿಗೆ ಬಂದು ಹೇಳಿನೋಡಿದರು. ನಮ್ಮ ಹೆಡ್ ಗುಮಾಸ್ತರು ಹಾಸ್ಯದವರು. "ಏನಯ್ಯ, ಹಕ್ಕಿಗಳು ಅರ್ಜಿ ಕೊಟ್ಟಿದ್ದಾವಾ?" ಎಂದು ಕೇಳಿದರು.

"ಪ್ರತಿ ಮಳೆಗಾಲಕ್ಕೂ ಕೊಡ್ತಾವೆ ಸ್ವಾಮಿ. ಆಗ ನೀವು ಎರಚಲು ಬಡೀತದೆ ಅಂತ ಕಿಟಕಿ ಹಾಕ್ಕೊಂಡಿರ್ತೀರಿ."

ಕಚೇರಿಯೆಲ್ಲ ನಕ್ಕಿತು. ಅರ್ಜಿ ಮಾತ್ರ ಎಲ್ಲಿಗೂ ಹೋಗಲಿಲ್ಲ. ವೈಶಾಖದಲ್ಲಿ ಅಪ್ಪಣೆ ಬಂತು: ಗಡ್ಡೆಯ ಮರಗಳಿಗೆ ಮುದ್ರೆ ಹಾಕತಕ್ಕದ್ದು.

ಮುದ್ರೆ ಹಾಕುವ ದಿನ ನಾನೂ ಅಲ್ಲಿದ್ದೆ, ಮಂಟಪದ ಪಾಯಕ್ಕೆ ಗೂಟ ಹೊಡೆಸಲು ಹೋಗಿದ್ದೆ. ಅವರು ಬೆಳಿಗ್ಗೆಯೇ ಬಂದಿದ್ದರು. ಎಂದಿನಂತೆ ಮರಕ್ಕೆ ಅಂಗೈ ಊರಿ ಮೇಲೆ ನೋಡುವುದು, ಕೆತ್ತುವುದು, ಹೊಡೆಯುವುದು, ಸುತ್ತಿಗೆಯ ಮುಖವನ್ನು ಪಂಚೆಯ ಅಂಚಿನಲ್ಲಿ ಒರೆಸುವುದು. ಒಂದು ಏಟೂ ಓರೆಯಾಗಲಿಲ್ಲ. ಪ್ರತಿ ಸಲವೂ ಎಣಿಕೆಯನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಮೂವತ್ತೆಂಟಕ್ಕೆ ನಿಲ್ಲಿಸಿದರು. ಆಮೇಲೆ ಮರದ ನೆರಳಿನಲ್ಲಿ ಕೂತು ತೆಂಗಿನ ಚಿಪ್ಪಿನಲ್ಲಿ ಸುಣ್ಣ ಕದಡಿದರು. ನೀರಿನ ಅಂಚಿನಲ್ಲಿದ್ದ ಏಳು ಮರಗಳಿಗೆ, ಎದೆಮಟ್ಟದಲ್ಲಿ, ಸುತ್ತ ಬಿಳಿ ಪಟ್ಟಿ ಬಳಿದರು.

ಬಿಳಿ ಪಟ್ಟಿ ಎಂದರೆ ಬೀಜದ ಮರ. ಎಲ್ಲಿ ಕಾಡು ಕಡಿದರೂ ಬೀಜ ಉದುರಲೆಂದು ಕೆಲವು ಒಳ್ಳೆಯ ಮರಗಳನ್ನು ಬಿಡುವುದು ಇಲಾಖೆಯ ಪದ್ಧತಿ. ಯಾವುದನ್ನು ಬಿಡಬೇಕೆಂದು ಆರಿಸುವುದು ಗಾರ್ಡಿನ ಕೆಲಸ. ಆದರೆ ಆ ಆಯ್ಕೆ ಕಡಿಯುವ ಅಪ್ಪಣೆಗೆ ಮೊದಲೇ ಆಗಿ, ಪುಸ್ತಕದಲ್ಲಿ ಬರೆದಿರಬೇಕು. ಅಪ್ಪಣೆ ಬಂದ ಮೇಲೆ ಬಳಿಯುವಂತಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಕ್ಲಬ್ಬಿಗೆ ಬೀಜ ಯಾಕೆ ಗಾರ್ಡಪ್ಪ?" ಎಂದೆ.

"ಮರ ಕಡೀರಿ ಅನ್ನೋಕೆ ಅವರಿಗೆ ಅಧಿಕಾರ ಇದೆ. ಬೀಜದ ಮರ ಯಾವುದು ಅನ್ನೋಕೆ ನನಗೆ ಇದೆ. ನಂದು ಇಷ್ಟೇ ಇಷ್ಟು, ಈ ಚಿಪ್ಪಿನಷ್ಟು" ಎಂದು ಚಿಪ್ಪನ್ನು ತೋರಿಸಿದರು. ಏಳೂ ಮರಗಳ ಕೊಂಬೆಗಳು ನೀರಿನ ಮೇಲಕ್ಕೆ ಚಾಚಿದ್ದವು. ಹಾವು ಹತ್ತಿದರೂ ಆ ಕೊಂಬೆಗಳ ತುದಿಗೆ ಹೋಗಲು ಹೆದರುತ್ತದೆ, ಹಕ್ಕಿಗಳು ಮೊದಲು ಹಿಡಿಯುವುದೇ ಅವನ್ನು ಎಂದು ವಿವರಿಸಿದರು. ಬೀಜದ ಮಾತು ಆಡಲೇ ಇಲ್ಲ.

ಮೂವತ್ತೆಂಟು ಮರಗಳು ಹತ್ತು ದಿನದಲ್ಲಿ ಉರುಳಿದವು. ಆಗ ಕ್ಲಬ್ಬಿನ ಕಾರ್ಯದರ್ಶಿಗಳು ಬಂದು ನೋಡಿದರೆ, ಮಂಟಪದಿಂದ ಹೊಳೆ ಕಾಣಬೇಕಾದ ಕಡೆಯಲ್ಲೇ ಏಳು ಮರ ಅಡ್ಡ ನಿಂತಿವೆ. ದೂರು ಹೋಯಿತು. ವಿಚಾರಣೆ ಇಟ್ಟರು.

ಅಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಮೇಲಿನಿಂದ ಬಂದಿದ್ದ ಅಧಿಕಾರಿ ಒಳ್ಳೆಯವರೇ, ಯಾರ ಮೇಲೂ ಕೂಗಾಡುವವರಲ್ಲ. ಗಾರ್ಡಪ್ಪ ಬಾಗಿಲ ಬಳಿ ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದರು. ಅಧಿಕಾರಿ ನನ್ನನ್ನು ಒಳಗೆ ಕರೆಸಿದರು. ನಾನು ಅಳತೆಯ ಪುಸ್ತಕ ತೆಗೆದುಕೊಂಡು ಹೋದೆ.

"ಚೈತ್ರದಲ್ಲಿ ಅಳೆದಾಗ ಈ ಏಳು ಮರಗಳ ಮೇಲೆ ಬಿಳಿ ಪಟ್ಟಿ ಇತ್ತೆ?"

ಪುಸ್ತಕ ತೆರೆದು ನೋಡಿದೆ. "ಇರಲಿಲ್ಲ."

"ಯಾವಾಗ ಬಳಿದದ್ದು, ನಿಮಗೆ ಗೊತ್ತೆ? ನೆನಪಿಲ್ಲದಿದ್ದರೆ ನೆನಪಿಲ್ಲ ಎನ್ನಿ."

ಆ ಅಧಿಕಾರಿ ಹಾಗೆ ಹೇಳಿದ್ದು ನಿಜ. ನೆನಪಿಲ್ಲದಿದ್ದರೆ ನೆನಪಿಲ್ಲ ಎನ್ನಿ ಎಂದರು. ಆಮೇಲೆ ಮೇಜಿನ ಮೇಲಿನ ಕಾಗದಗಳನ್ನು ಸರಿಮಾಡುತ್ತ ಸ್ವಲ್ಪ ಹೊತ್ತು ಕಾದರು. ಈಗ ಯೋಚಿಸಿದರೆ ಅವರು ನನಗೊಂದು ಬಾಗಿಲು ತೆರೆದಿಟ್ಟಿದ್ದರು ಅನ್ನಿಸುತ್ತದೆ. ನನಗೆ ಅದು ಕಾಣಲಿಲ್ಲ. ನನಗೆ ನೆನಪಿತ್ತು. ಮುದ್ರೆ ಹಾಕಿದ ದಿನವೇ ಮಧ್ಯಾಹ್ನದ ಮೇಲೆ ಬಳಿದರು, ನಾನು ಎದುರಿಗೇ ಇದ್ದೆ, ಸುಣ್ಣ ಕದಡಿದ್ದು ತೆಂಗಿನ ಚಿಪ್ಪಿನಲ್ಲಿ ಎಂದು ಹೇಳಿದೆ. ಚಿಪ್ಪಿನ ಸಂಗತಿಯನ್ನು ಯಾರೂ ಕೇಳಿರಲಿಲ್ಲ.

ಹೊರಗೆ ಬಂದಾಗ ಗಾರ್ಡಪ್ಪ ಜಗಲಿಯಲ್ಲಿ ಎಲೆಯಡಿಕೆ ಸಂಚಿ ಬಿಚ್ಚಿ ಕೂತಿದ್ದರು. ಒಂದು ಎಲೆಗೆ ಸುಣ್ಣ ಹಚ್ಚಿ ನನ್ನ ಕಡೆ ಚಾಚಿದರು.

"ನಿಜ ಹೇಳಿದ್ರಿ" ಎಂದರು.

ಅದರಲ್ಲಿ ಕೋಪವಿತ್ತೋ, ಮೆಚ್ಚುಗೆಯೋ, ಬರಿಯ ವರದಿಯೋ, ಹತ್ತು ವರ್ಷ ನನಗೆ ತಿಳಿಯಲಿಲ್ಲ. ಎಲೆ ತೆಗೆದುಕೊಂಡೆ. ಅಡಿಕೆ ಕೆಳಗೆ ಬಿತ್ತು. ಅವರೇ ಹೆಕ್ಕಿಕೊಟ್ಟರು.

ಸುತ್ತಿಗೆಯನ್ನು ಅವರಿಂದ ತೆಗೆದುಕೊಂಡರು. ಚೀಲ ಸ್ವಂತದ್ದಾದ್ದರಿಂದ ಬರಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೋದರು. ಭದ್ರಾವತಿಯ ಕಡೆಗೆ ವರ್ಗವಾಯಿತು. ಅಲ್ಲಿ ಕಬ್ಬಿಣದ ಕಾರ್ಖಾನೆಗೆ ಇದ್ದಿಲು ಬೇಕು, ಇದ್ದಿಲಿಗೆ ಸೌದೆ ಬೇಕು. ಶಂಕರಘಟ್ಟದ ಆಚೀಚಿನ ಕಾಡಿನಿಂದ ಬರುವ ಸೌದೆಯ ಗಾಡಿಗಳನ್ನು ಎಣಿಸಿ ಒಳಗೆ ಬಿಡುವ ಕಾವಲುಗಾರನ ಕೆಲಸ. ಹೊರಡುವ ದಿನ, "ಇಷ್ಟು ದಿನ ಮರ ನೋಡಿದ್ದಾಯ್ತು. ಇನ್ನು ಸೌದೆ ನೋಡೋದು. ಎರಡೂ ಒಂದೇ ಜಾತಿ, ಸ್ವಲ್ಪ ಉದ್ದ ಕಮ್ಮಿ" ಎಂದರಂತೆ. ನಾನು ಬೀಳ್ಕೊಡಲು ಹೋಗಲಿಲ್ಲ. ಇದನ್ನು ನನಗೆ ಹೇಳಿದವರು ಹೆಡ್ ಗುಮಾಸ್ತರು. ಹೇಳುವಾಗ ಅವರು ನಗಲಿಲ್ಲ.

ಏಳು ಮರಗಳು ಉಳಿದದ್ದು ಯಾರ ದಯೆಯಿಂದಲೂ ಅಲ್ಲ. ಅವನ್ನೂ ಕಡಿಯಿರಿ ಎಂದು ತೀರ್ಪಾಯಿತು. ಅಷ್ಟರಲ್ಲಿ ಮಳೆ ಹಿಡಿದು ಹೊಳೆ ಏರಿತು. ಮರುವರ್ಷ ಬೇಸಿಗೆಯಲ್ಲಿ ಕಾರ್ಯದರ್ಶಿಗಳಿಗೆ ಬೇರೆ ಊರಿಗೆ ವರ್ಗವಾಯಿತು. ಹೊಸಬರಿಗೆ ಆ ಮರಗಳ ನೆರಳೇ ಚೆನ್ನಾಗಿದೆ ಅನ್ನಿಸಿತು. ಕಾಗದಗಳು ಎಲ್ಲೋ ಉಳಿದುಹೋದವು. ಸರ್ಕಾರದಲ್ಲಿ ಮರೆವೂ ಒಮ್ಮೊಮ್ಮೆ ಉಪಕಾರ ಮಾಡುತ್ತದೆ.

ಮಂಟಪ ಎದ್ದಿತು. ಅದನ್ನು ಹಳಿಯಲು ನನಗೆ ಬಾಯಿಲ್ಲ. ಒಂದು ಭಾನುವಾರ ಕಚೇರಿಯ ಸಿಬ್ಬಂದಿಗೂ ಅಲ್ಲಿಗೆ ಹೋಗಲು ಅನುಮತಿ ಸಿಕ್ಕಿತು. ನನ್ನ ಹೆಂಡತಿಯನ್ನು ಕರೆದುಕೊಂಡು ಹೋದೆ. ಮದುವೆಯಾದಾಗಿನಿಂದ ಅವಳು ಹೊಳೆಯನ್ನು ಕಂಡದ್ದು ಬಟ್ಟೆ ಒಗೆಯುವ ಮೆಟ್ಟಿಲಿನಿಂದ ಮಾತ್ರ. ಗಡ್ಡೆಯ ಆಚೆ ಬದಿಯ ಹೊಳೆ ಬೇಸಿಗೆಯಲ್ಲೂ ಆಳ; ಅಲ್ಲಿ ದೋಣಿಯಲ್ಲಿ ಕೂತು ನಡುಹೊಳೆಗೆ ಹೋದಾಗ ಅವಳು ನೀರಿಗೆ ಕೈ ಬಿಟ್ಟು, "ಅಯ್ಯೋ, ಇಲ್ಲಿ ನೀರು ಎಷ್ಟು ತಣ್ಣಗಿದೆ ನೋಡಿ" ಎಂದು ಹುಡುಗಿಯ ಹಾಗೆ ನಕ್ಕಳು. ಅವಳು ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಿದ್ದು ಕಡಿಮೆ. ಆ ಸಂತೋಷ ಸುಳ್ಳಾಗಿರಲಿಲ್ಲ. ಮಂಟಪದ ಸುತ್ತ ಮೂವತ್ತೆಂಟು ಮೋಟುಗಳಿದ್ದವು. ಮಕ್ಕಳು ಒಂದರಿಂದ ಒಂದಕ್ಕೆ ನೆಗೆದು ಆಡುತ್ತಿದ್ದರು. ಒಂದರ ಬುಡದಲ್ಲಿ ಮುದ್ರೆ ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಅತ್ತ ಬೆನ್ನು ಮಾಡಿ ಕೂತೆ.

ಅಂದೂ ಬೇಸಿಗೆಯೇ. ನಾನು ಆ ಹಕ್ಕಿಗಳನ್ನು ಆವರೆಗೂ ಕಂಡಿರಲಿಲ್ಲ. ಮುಂದೆಯೂ ಒಂಬತ್ತು ಮಳೆಗಾಲ ನೋಡಲು ಹೋಗಲಿಲ್ಲ. ಹೋದರೆ ಏನು ಕಾಣುತ್ತದೋ ಎಂಬ ಭಯ. ಕಂಡರೂ ಭಯ, ಕಾಣದಿದ್ದರೂ ಭಯ. ಯುದ್ಧ ಬಂತು. ಕಾರಿಗೆ ಪೆಟ್ರೋಲು ಸಿಗದಂತಾಗಿ ಗಡ್ಡೆಗೆ ಹೋಗಿಬರುವುದು ನಿಂತಿತು. ಕ್ಲಬ್ಬು ತಾನೇ ತಾನಾಗಿ ಮುಚ್ಚಿಕೊಂಡಿತು. ಯಾರೋ ಮಂಟಪದ ತಗಡು ಬಿಚ್ಚಿಕೊಂಡು ಹೋದರು ಎಂದು ಕೇಳಿದೆ.

ಹೋದ ವರ್ಷ ಆಷಾಢದಲ್ಲಿ ಕಚೇರಿಯ ಕೆಲಸದ ಮೇಲೆ ಭದ್ರಾವತಿಗೆ ಹೋಗಿದ್ದಾಗ, ಅವರಿಗೆ ಮೈ ಸರಿಯಿಲ್ಲವೆಂದು ಗೊತ್ತಾಯಿತು. ನಿವೃತ್ತರಾಗಿ, ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ ಅಳಿಯನ ಮನೆಯಲ್ಲಿ ಹೆಂಡತಿಯೊಡನೆ ಇದ್ದರು. ಕೆಲಸಗಾರರ ಸಾಲುಮನೆಗಳು. ಪಕ್ಕದ ಮನೆಯಲ್ಲಿ ತಮಿಳು, ಎದುರು ಮನೆಯಲ್ಲಿ ತೆಲುಗು. ಹೊರಗೆ ಒಣಗಲು ಹಾಕಿದ ಬಟ್ಟೆಗಳ ಮೇಲೆ ಕಾರ್ಖಾನೆಯ ಹೊಗೆ. ಅವರು ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ತೋಳುಗಳು ಸೊರಗಿದ್ದವು, ಅಂಗೈಗಳು ಮಾತ್ರ ಹಾಗೇ ದೊಡ್ಡವಾಗಿದ್ದವು.

"ಬನ್ನಿ ಬನ್ನಿ, ನಕ್ಷೆ ಸ್ವಾಮಿಗಳು! ದಾರಿ ತಪ್ಪಿ ಬಂದ್ರಾ?" ಎಂದರು. "ನಕ್ಷೆ ಬರೆಯೋರೂ ದಾರಿ ತಪ್ತಾರೆ ಅಂದ್ರೆ ಇನ್ನು ನಾವೆಲ್ಲ ಏನು ಮಾಡೋದು?"

ಹೆಂಡತಿ ನೀರು ಬೆಲ್ಲ ತಂದಿಟ್ಟು ಬಾಗಿಲಿಗೆ ಒರಗಿ ನಿಂತರು. ಅದೂ ಇದೂ ಮಾತಾಡಿದೆವು. ಹೊರಗೆ ಮಳೆ ಜೋರಾಯಿತು. ಅವರು ಸ್ವಲ್ಪ ಹೊತ್ತು ಅದನ್ನೇ ಕೇಳಿಸಿಕೊಂಡು ಕೇಳಿದರು:

"ಹಕ್ಕಿ ಬಂದ್ವಾ?"

"ಬಂದಿವೆ" ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಬಂದುಬಿಟ್ಟಿತು. "ತುಂಬ ಬಂದಿವೆ ಗಾರ್ಡಪ್ಪ. ಏಳೂ ಮರ ಬೆಳ್ಳಗಾಗಿದೆ."

ಅವರ ಮುಖ ಅರಳಿತು. ಬಾಗಿಲಲ್ಲಿದ್ದ ಹೆಂಡತಿಯ ಕಡೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಮೊದಲು ಯಾವುದನ್ನ ಹಿಡಿದ್ವು? ಅತ್ತೇನೋ, ಜೋಡೀನೋ?" ಎಂದರು.

ನಾನು ಬೆಲ್ಲದ ಚೂರೊಂದನ್ನು ಕೈಗೆತ್ತಿಕೊಂಡೆ.

"ಕೆಳಗಡೆ ತುದೀಲಿ ಒಂದು ಕೊಂಬೆ ಮುರಿದಿದೆಯಲ್ಲ, ಅದು ಕುಂಟ. ಪಕ್ಕದಲ್ಲಿ ಒಂದೇ ಬುಡದ್ದು ಎರಡು, ಅದು ಜೋಡಿ. ಆಮೇಲೆ ಅತ್ತೆ, ನೀರಿಗೆ ಬಗ್ಗಿಕೊಂಡಿರೋದು. ಇವಳು ಇಟ್ಟ ಹೆಸರು." ಹೆಂಡತಿ ಸೆರಗು ಬಾಯಿಗಿಟ್ಟುಕೊಂಡರು. ಗಾರ್ಡಪ್ಪ ನನ್ನನ್ನೇ ನೋಡುತ್ತಿದ್ದರು. ನೋಟದಲ್ಲಿ ಸಿಟ್ಟಿರಲಿಲ್ಲ. "ನೀವು ಹೋಗಿಲ್ಲ" ಎಂದರು.

"ಇಲ್ಲ."

"ನೋಡದ್ದನ್ನ ಹೇಳ್ಬೇಡಿ ಮಾರಾಯ್ರೆ. ಅದು ನಿಮ್ಮ ಬಾಯಿಗೆ ಒಗ್ಗಲ್ಲ. ಅವತ್ತು ಆಫೀಸಿನಲ್ಲಿ ಹೇಳಿದ್ರಲ್ಲ, ಹಾಗೆ ಹೇಳ್ಬೇಕು. ಚಿಪ್ಪಿನ ಸಮೇತ." ಗೋಡೆಯ ಕಡೆ ಮುಖ ತಿರುಗಿಸಿ ನಕ್ಕರು. ನಗು ಕೆಮ್ಮಿಗೆ ತಿರುಗಿತು. ಸುಧಾರಿಸಿಕೊಂಡು ಹೇಳಿದರು: "ಒಂದು ಉಪಕಾರ ಮಾಡಿ. ಶ್ರಾವಣದಲ್ಲಿ ಒಂದು ದಿನ ಹೋಗಿ ನೋಡ್ಕೊಂಡು ಬನ್ನಿ. ಇಲ್ಲ ಅಂದ್ರೆ ಇಲ್ಲ ಅನ್ನಿ. ಇದ್ರೆ ಎಷ್ಟು ಅಂತ ಹೇಳಿ. ಈ ಊರಲ್ಲಿ ಕೂತು ನಾನು ಹತ್ತು ವರ್ಷದಿಂದ ಬರೀ ಗಾಡಿ ಎಣಿಸಿದ್ದೀನಿ."

ಶ್ರಾವಣದ ಎರಡನೆಯ ವಾರ ರಜೆ ಹಾಕಿ ಹೋದೆ. ಎತ್ತಿನ ಗಾಡಿಯಲ್ಲಿ ಅರ್ಧ ದಾರಿ, ಉಳಿದದ್ದು ಕೊಡೆ ಹಿಡಿದು ನಡಿಗೆ. ನಾನು ಮೊಣಕಾಲುದ್ದದಲ್ಲಿ ದಾಟಿದ್ದ ಹೊಳೆ ಅಲ್ಲಿರಲಿಲ್ಲ. ಕೆಂಪು ನೀರು ದಡದಿಂದ ದಡಕ್ಕೆ ಇತ್ತು. ಗಡ್ಡೆ ನನ್ನ ನಕ್ಷೆಯಲ್ಲಿದ್ದುದರ ಅರ್ಧವೂ ಇರಲಿಲ್ಲ. ಮಂಟಪದ ನಾಲ್ಕು ಕಂಬಗಳು ನೀರಿನಲ್ಲಿ ನಿಂತಿದ್ದವು. ಟೆನಿಸ್ ಅಂಕಣ ಎಲ್ಲಿತ್ತೆಂದು ತಿಳಿಯಲಿಲ್ಲ. ಏಳು ಮರಗಳು ಬುಡದವರೆಗೆ ನೀರಿನಲ್ಲಿ ನಿಂತಿದ್ದವು.

ಮೊದಲು ಏನೂ ಕಾಣಲಿಲ್ಲ. ಮಳೆ ಸ್ವಲ್ಪ ಬಿಟ್ಟಾಗ, ನೀರಿಗೆ ಬಗ್ಗಿದ ಮರದಲ್ಲಿ ಒಂದು ಬಿಳಿ ಅಲ್ಲಾಡಿತು. ಕುತ್ತಿಗೆ ನೀಳಮಾಡಿ ಮತ್ತೆ ಮಡಚಿಕೊಂಡಿತು. ಅದರ ಕೆಳಗೆ ಕಡ್ಡಿಗಳ ಒಂದು ಗೂಡು. ಒಂದನ್ನು ಕಂಡಮೇಲೆ ಉಳಿದವು ಕಾಣತೊಡಗಿದವು. ಕಪ್ಪು ಹಕ್ಕಿಯೊಂದು ಬಾಯಲ್ಲಿ ಕಡ್ಡಿ ಕಚ್ಚಿಕೊಂಡು ಹೊಳೆಯ ಮೇಲಿನಿಂದ ಬಂತು. ಕೂಡಲೇ ಕೂರದೆ, ಗಡ್ಡೆಯ ನಡುವೆ ಈಗ ಬರಿದಾಗಿದ್ದ ಆಕಾಶದಲ್ಲಿ ಎರಡು ಸುತ್ತು ಹಾಕಿತು. ಅಲ್ಲಿ ಮರವಿದ್ದದ್ದನ್ನು ಅದು ಕಂಡಿರಲಾರದು. ಹಕ್ಕಿಗಳಿಗೆ ಅಷ್ಟು ಆಯುಸ್ಸು ಇರುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಸುತ್ತು ಹಾಕಿದ್ದು ಮಾತ್ರ ನೋಡಿದೆ. ಆಮೇಲೆ ಜೋಡಿಗೆ ಹೋಗಿ ಕೂತಿತು.

ಎಣಿಸಿದೆ. ಕೆಳತುದಿಯಿಂದ ಮೇಲಕ್ಕೆ ಒಂದು ಸಲ, ಮೇಲಿನಿಂದ ಕೆಳಕ್ಕೆ ಒಂದು ಸಲ, ಮತ್ತೆ ಮೊದಲಿನಿಂದ ಒಂದು ಸಲ. ಹನ್ನೊಂದು ಗೂಡು. ನಾಲ್ಕು ಮರ ಖಾಲಿ. ಹಕ್ಕಿಯೇ ಮರವಾಗಿದ್ದ ಕಾಲವನ್ನು ನಾನು ನೋಡಲಿಲ್ಲ, ಇನ್ನು ನೋಡಲಾರೆ. ಆ ಮಳೆಯಲ್ಲ, ಈ ಆಸೆ ನನ್ನನ್ನು ಅಲ್ಲಿ ಮೂರು ಗಂಟೆ ನಿಲ್ಲಿಸಿತು: ನಲವತ್ತೈದೂ ಮರಗಳು ಬಿಳಿ ಕಪ್ಪು ರೆಕ್ಕೆಗಳಿಂದ ತುಂಬಿ, ಅವರು ಈ ದಡದಲ್ಲಿ ನಿಂತು, ಅಂಗೈಯನ್ನು ಹುಬ್ಬಿನ ಮೇಲಿಟ್ಟು ನೋಡುತ್ತಿದ್ದ ಒಂದು ದಿನ, ಒಂದೇ ಒಂದು ದಿನ, ಪಕ್ಕದಲ್ಲಿ ನಾನೂ ಇರಬೇಕಿತ್ತು.

ಮರುದಿನ ಬೆಳಗಿನ ರೈಲಿಗೆ ಭದ್ರಾವತಿಗೆ ಹೋದೆ. ಬಾಗಿಲು ತೆರೆದದ್ದು ಮಗಳು. ಅವಳು 'ಬನ್ನಿ' ಎನ್ನಲಿಲ್ಲ, ಪಕ್ಕಕ್ಕೆ ಸರಿದಳು. ನನಗೆ ಅರ್ಥವಾಯಿತು.

"ಸೋಮವಾರ" ಎಂದಳು. "ಆ ದಿನ ಬೆಳಿಗ್ಗೇನೂ ಕೇಳಿದ್ರು, ಸ್ವಾಮಿಗಳು ಬಂದ್ರಾ ಅಂತ. ನಾನಿಲ್ಲದಿದ್ರೆ ಎಷ್ಟು ಅಂತ ಕೇಳಿಟ್ಕೋ ಅಂದಿದ್ರು." ಕಣ್ಣೊರೆಸಿಕೊಂಡಳು. "ಎಷ್ಟು ಸ್ವಾಮಿ?"

"ಹನ್ನೊಂದು."

ಅವಳು ಒಳಗೆ ತಿರುಗಿ, "ಅಮ್ಮಾ, ಹನ್ನೊಂದಂತೆ" ಎಂದಳು.

ಒಳಕೋಣೆಯಿಂದ ಅತ್ತು ಅತ್ತು ಒಡೆದ ದನಿಯೊಂದು ಬಂತು: "ಯಾವ್ಯಾವ ಮರದಲ್ಲಂತೆ? ಕೇಳು."

ಒದ್ದೆ ಕೊಡೆಯನ್ನು ಹೊರಗಿಟ್ಟು ಒಳಗೆ ಹೋದೆ. ಆ ತಾಯಿಯ ಎದುರು ಚಾಪೆಯ ಮೇಲೆ ಕೂತೆ. "ಅತ್ತೆಯಲ್ಲಿ ಐದು" ಎಂದೆ. ಅವರು ತಲೆಯಾಡಿಸಿದರು. "ಜೋಡಿಯಲ್ಲಿ ಒಂದರಲ್ಲಿ ನಾಲ್ಕು, ಒಂದರಲ್ಲಿ ಎರಡು."

"ಕುಂಟನಲ್ಲಿ?"

"ಕುಂಟನಲ್ಲಿ ಇಲ್ಲ, ತಾಯಿ."

"ಅದಕ್ಕೆ ಯಾವಾಗ್ಲೂ ತಡ" ಎಂದರು ಅವರು. "ಇನ್ನೂ ಭಾದ್ರಪದ ಇದೆಯಲ್ಲ."